ಮೂರನೇ ತಂತಿ ಎಲ್ಲಿ ಸ್ವಾಮಿ?

ಹೆಸರಿಗೆ ಕೋಗಿಲು. ಆದರೆ ಬೆಳಗ್ಗೆ ಎಂಟರಿಂದ ರಾತ್ರಿ ಎಂಟರ ತನಕ ಇಲ್ಲಿ ಕೂಗುವುದು ಗ್ರೈಂಡರ್! ಕೋಗಿಲು ಕ್ರಾಸ್‌ನಲ್ಲಿ ಬಳ್ಳಾರಿ ರಸ್ತೆ ಬಿಟ್ಟು ಒಳಗೆ ಬನ್ನಿ. ಯಾವ ಅಡ್ಡರಸ್ತೆಗಾದರೂ ತಿರುಗಿ. ಒಂದು ಕಡೆ ಹೊಸ ಮನೆ ಏಳುತ್ತಿರುತ್ತದೆ, ಇನ್ನೊಂದು ಕಡೆ ಹಳೇ ಮನೆಯ ತಲೆ ಮೇಲೆ ಹೊಸ ಮಹಡಿ ಏಳುತ್ತಿರುತ್ತದೆ. ಮುಂದೆ ಎಂ-ಸ್ಯಾಂಡ್ ಗುಡ್ಡೆ. ಪಕ್ಕದಲ್ಲಿ ಇಟ್ಟಿಗೆ ಕಂಬ, ಅದರ ಮೇಲೆ ತಗಡಿನ ಪೆಟ್ಟಿಗೆಯೊಳಗೆ ಬೆಸ್ಕಾಂ ಮೀಟರ್. ಆ ಪೆಟ್ಟಿಗೆಯಿಂದ ಒಂದು ವೈರ್ ಹೊರಟು, ಕ್ಯೂರಿಂಗ್ ನೀರಿನಲ್ಲಿ ಮುಳುಗಿ, ಕಬ್ಬಿಣದ ಸರಳುಗಳ ಮೇಲೆ ಹಾದು, ಮೆಟ್ಟಿಲು ಹತ್ತಿ ಮೂರನೇ ಮಹಡಿ ಸೇರಿರುತ್ತದೆ.

ಆ ವೈರನ್ನು ಎಂದಾದರೂ ನಿಂತು ನೋಡಿದ್ದೀರಾ ಗೆಳೆಯರೇ?

ನೋಡಿ. ಸೀಲಿಂಗ್ ಫ್ಯಾನಿಗೋ ಟೇಬಲ್ ಲ್ಯಾಂಪಿಗೋ ಹಾಕುವ ತೆಳ್ಳನೆಯ ಜೋಡಿ ವೈರ್ ಅದು. ನಡುವೆ ನಾಲ್ಕು ಕಡೆ ಟೇಪ್ ಸುತ್ತಿದ ಗಂಟು. ಈ ತುದಿಯಲ್ಲಿ ಪ್ಲಗ್ಗೇ ಇಲ್ಲ. ಬರಿ ತಂತಿಯನ್ನು ಸಾಕೆಟ್ ತೂತಿಗೆ ತುರುಕಿ, ಜಾರದಿರಲಿ ಎಂದು ಬೆಂಕಿಕಡ್ಡಿ ಸಿಗಿಸಿರುತ್ತಾರೆ. ಆ ತುದಿಯಲ್ಲಿ ಒಂದು ಮರದ ಬೋರ್ಡು. ಬೋರ್ಡಿನಲ್ಲಿ ಮೂರು ತೂತಿನ ಸಾಕೆಟ್ಟು. ಎರಡು ತೂತಿಗೆ ತಂತಿ ಬಂದಿದೆ. ಮೂರನೆಯದು? ಅದು ಬರಿ ತೂತು. ಒಳಗೆ ಏನೂ ಇಲ್ಲ.

ಕೇಳಿದರೆ ಮೇಸ್ತ್ರಿ ನಗುತ್ತಾರೆ. ‘ಏನೂ ಆಗಲ್ಲ ಸಾರ್, ಹದಿನೈದು ವರ್ಷದಿಂದ ಹಿಂಗೇ ಮಾಡ್ಕೊಂಡು ಬಂದಿದೀವಿ’ ಅನ್ನುತ್ತಾರೆ. ನಾನೂ ನಂಬಿದ್ದೆ.

ಬೇರೆಯವರ ಕತೆ ಬೇಡ, ನನ್ನದೇ ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಮೇಲೆ ಎರಡು ರೂಮು ಏರಿಸಿದೆವು. ಗ್ರಾನೈಟ್ ಕತ್ತರಿಸಲು ಯಾದಗಿರಿ ಕಡೆಯ ಇಬ್ಬರು ಬಂದರು. ಒಬ್ಬರು ನಲವತ್ತು ದಾಟಿದವರು. ಇನ್ನೊಬ್ಬ ಇಪ್ಪತ್ತರ ಹುಡುಗ, ಎಸ್ಸೆಸ್ಸೆಲ್ಸಿ ಪಾಸು. ಮಧ್ಯಾಹ್ನ ಊಟದ ಹೊತ್ತಿಗೆ ಬುತ್ತಿ ಕಟ್ಟಿದ ಪೇಪರನ್ನೂ ಬಿಡದೆ ಓದುವ ಹುಡುಗ. ‘ಅಣ್ಣಾ, ವೈರ್ ಸಾಲಂಗಿಲ್ರೀ, ಉದ್ದಂದು ಬೇಕು’ ಅಂದ. ನಾನು ಗಾಡಿ ಹತ್ತಿ ಯಲಹಂಕಕ್ಕೆ ಹೋಗಿ, ಕಂಡ ಮೊದಲ ಅಂಗಡಿಯಲ್ಲಿ ಅತ್ಯಂತ ಅಗ್ಗದ್ದು ಕೇಳಿ, ಹಳದಿ ಚಕ್ರಕ್ಕೆ ಸುತ್ತಿದ ವೈರ್ ತಂದೆ. ಡಬ್ಬಿಯ ಮೇಲೆ ಇಂಗ್ಲಿಷ್ ಇತ್ತು, ಹಿಂದಿ ಇತ್ತು, ಚೀನೀ ಅಕ್ಷರಗಳಂತೆ ಕಾಣುವ ಎಂಥದೋ ಇತ್ತು. ಕನ್ನಡ ಇರಲಿಲ್ಲ. ನಾನು ಓದಲೂ ಇಲ್ಲ. ಚೌಕಾಸಿ ಮಾಡಿ ಐವತ್ತು ರೂಪಾಯಿ ಇಳಿಸಿದ್ದೇ ನನಗೆ ದೊಡ್ಡ ಸಾಧನೆಯಾಗಿತ್ತು.

ಮೂರನೇ ದಿನ ಸಂಜೆ. ಕತ್ತರಿಸುವ ಜಾಗಕ್ಕೆ ನೀರು ಬಿಡುತ್ತಿದ್ದರು. ಹುಡುಗನ ಕಾಲಲ್ಲಿ ಚಪ್ಪಲಿ ಇಲ್ಲ. ಮಷೀನು ಹಳೆಯದು, ಮೈಯೆಲ್ಲ ಲೋಹ. ಒಳಗಿನ ಒಂದು ತಂತಿ ಸವೆದು ಮೈಗೆ ತಾಗಿತ್ತು ಅನ್ನುವುದು ಆಮೇಲೆ ಬಿಚ್ಚಿದಾಗ ತಿಳಿಯಿತು. ಹುಡುಗ ಮಷೀನ್ ಹಿಡಿದವನು ಬಿಡಲಿಲ್ಲ. ಕೂಗಲೂ ಇಲ್ಲ. ಬಾಯಿ ತೆರೆದೇ ಇತ್ತು, ಸದ್ದು ಬರುತ್ತಿರಲಿಲ್ಲ. ಆ ಹಿರಿಯರು ಒಂದೇ ನೆಗೆತಕ್ಕೆ ಗೋಡೆ ಬಳಿ ಹೋಗಿ ವೈರ್ ಹಿಡಿದು ಜಗ್ಗಿದರು. ಬೆಂಕಿಕಡ್ಡಿ ಸಿಗಿಸಿದ್ದ ತಂತಿ ಕಿತ್ತುಬಂತು. (ಹೌದು, ಪ್ಲಗ್ ಸಡಿಲ ಎಂದು ಅವರೇ ಬೆಳಗ್ಗೆ ಅದನ್ನು ಕತ್ತರಿಸಿ ಎಸೆದಿದ್ದರು. ಆ ಕೆಟ್ಟ ಕೆಲಸವೇ ಅವತ್ತು ಹುಡುಗನ ಜೀವ ಉಳಿಸಿತು. ಹಾಗಂತ ಬೆಂಕಿಕಡ್ಡಿಗೆ ಪೂಜೆ ಮಾಡಬೇಡಿ!)

ಹುಡುಗ ಬದುಕಿದ. ಎರಡು ಬೆರಳಿನ ಚರ್ಮ ಸುಟ್ಟಿತ್ತು. ರಾತ್ರಿ ಆ ಹಳದಿ ಚಕ್ರದ ವೈರನ್ನು ಬ್ಲೇಡಿನಿಂದ ಸೀಳಿ ನೋಡಿದೆ. ಒಳಗೆ ಎರಡೇ ತಂತಿ. ಸಾಕೆಟ್ಟಿಗೆ ಮೂರು ತೂತು, ವೈರಿಗೆ ಎರಡು ತಂತಿ. ಮೋಸ ಅಂದರೆ ಇದು. ಆದರೆ ತಂದವನು ಯಾರು? ನಾನು. ಇಂಗ್ಲಿಷ್ ಬರುವ ನಾನು ಡಬ್ಬಿ ಓದಲಿಲ್ಲ. ಕಂಡದ್ದೆಲ್ಲ ಓದುವ ಆ ಹುಡುಗನಿಗೆ ಅದರ ಮೇಲೆ ಓದಲು ಏನೂ ಇರಲಿಲ್ಲ.

ಅವತ್ತಿನಿಂದ ವೈರ್ ಬಗ್ಗೆ ತಿಳಿದವರ ಬೆನ್ನು ಬಿದ್ದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಅರ್ಧ ಜನ ಆಫರ್ ನೋಡಿ ಆನ್‌ಲೈನಿನಲ್ಲಿ ಡ್ರಿಲ್ ಮಷೀನ್ ತರಿಸಿದವರು. ಇನ್ನರ್ಧ ಜನ ಸಂಘದ ಪೆಂಡಾಲಿಗೆ ವೈರ್ ಎಳೆಯುವವರು. ಇಬ್ಬರಿಗೂ ಬೇಕಾದ ಮಾತಿದು.

ಮೊದಲು ಆ ಮೂರನೇ ತಂತಿ. ಹಸಿರು ಬಣ್ಣದ್ದು, ಇಲ್ಲವೇ ಹಸಿರು-ಹಳದಿ ಪಟ್ಟೆಯದು. ಅದೇ ಅರ್ತ್. ಕೆಂಪು ಅಥವಾ ಕಂದು ತಂತಿಯಲ್ಲಿ ಕರೆಂಟ್ ಬರುತ್ತದೆ, ಕಪ್ಪು ಅಥವಾ ನೀಲಿಯಲ್ಲಿ ವಾಪಸ್ ಹೋಗುತ್ತದೆ. ಹಸಿರು ತಂತಿಗೆ ದಿನನಿತ್ಯ ಯಾವ ಕೆಲಸವೂ ಇಲ್ಲ. ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ಅದಕ್ಕೇ ದುಡ್ಡು ಉಳಿಸುವವನ ಕಣ್ಣು ಮೊದಲು ಬೀಳುವುದೂ ಅದರ ಮೇಲೆ. ಆದರೆ ಮಷೀನಿನ ಒಳಗೆ ತಂತಿ ಸವೆದು ಲೋಹದ ಮೈಗೆ ಕರೆಂಟ್ ಬಂದ ಕ್ಷಣ, ಆ ಕರೆಂಟನ್ನು ನೆಲಕ್ಕೆ ಒಯ್ದು ಫ್ಯೂಸ್ ಹಾರಿಸುವುದು ಅದೇ. ಅದು ಇಲ್ಲದಿದ್ದರೆ ನೆಲಕ್ಕೆ ಹೋಗುವ ದಾರಿ ಯಾವುದು? ಮಷೀನ್ ಹಿಡಿದವನ ಕೈ, ಎದೆ, ಬರಿಗಾಲು!

ತ್ರೀ ಪಿನ್ ಟಾಪ್‌ನಲ್ಲಿ ಮೇಲಿನ ಪಿನ್ ಯಾಕೆ ಉದ್ದ, ಯಾಕೆ ದಪ್ಪ ಅಂತ ಯೋಚಿಸಿದ್ದೀರಾ? ಪ್ಲಗ್ ಹಾಕುವಾಗ ಅದು ಮೊದಲು ತಾಗಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು. ಕರೆಂಟ್ ಬರುವ ಮೊದಲೇ ಕಾವಲುಗಾರ ಬಂದಿರಬೇಕು ಎಂಬ ಲೆಕ್ಕ. ನಮ್ಮವರು ಏನು ಮಾಡುತ್ತಾರೆ? ಎರಡು ತೂತಿನ ಸಾಕೆಟ್ಟಿಗೆ ಹೋಗುತ್ತಿಲ್ಲ ಎಂದು ಆ ಪಿನ್ನನ್ನೇ ಹ್ಯಾಕ್ಸಾದಿಂದ ಕತ್ತರಿಸುತ್ತಾರೆ.

ಇಲ್ಲಿ ಒಬ್ಬ ಬುದ್ಧಿವಂತ ಎದ್ದು ನಿಂತು ಕೇಳಬಹುದು: ‘ನನ್ನ ಡ್ರಿಲ್ ಮಷೀನಿಗೆ ಕಂಪನಿಯವರೇ ಎರಡು ಪಿನ್ ಕೊಟ್ಟಿದ್ದಾರಲ್ಲ?’ ಸರಿಯಾದ ಪ್ರಶ್ನೆ. ಮಷೀನಿನ ಮೈಮೇಲಿನ ಚೀಟಿಯಲ್ಲಿ ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತು ಇದೆಯೇ ನೋಡಿ. ಇದ್ದರೆ ಅದು ಡಬಲ್ ಇನ್ಸುಲೇಷನ್, ಎರಡು ಪದರದ ರಕ್ಷಣೆಯ ಮಷೀನು. ಅದಕ್ಕೆ ಅರ್ತ್ ಬೇಡ. ಈಗಿನ ಡ್ರಿಲ್, ಸಣ್ಣ ಗ್ರೈಂಡರ್ ಬಹುಪಾಲು ಇಂಥವೇ. ಆದರೆ ಎಕ್ಸ್‌ಟೆನ್ಷನ್ ವೈರ್ ಒಂದೇ ಮಷೀನಿಗೆ ತಾಳಿ ಕಟ್ಟಿಸಿಕೊಂಡಿರುತ್ತದೆಯೇ? ಇವತ್ತು ಡ್ರಿಲ್, ನಾಳೆ ನೀರಿನ ಮೋಟರ್, ನಾಡಿದ್ದು ವೆಲ್ಡಿಂಗ್ ಸೆಟ್ಟು. ಅದಕ್ಕೇ ವೈರ್ ಯಾವಾಗಲೂ ಮೂರು ತಂತಿಯದೇ ಇರಲಿ. ಅಂಗಡಿಯಲ್ಲಿ ‘ತ್ರೀ ಕೋರ್’ ಅನ್ನಿ. ಮೇಲೆ ಗುಂಡಗಿನ ದಪ್ಪ ಹೊದಿಕೆ ಇರುವುದನ್ನೇ ಕೇಳಿ. ಜಡೆ ಹೆಣೆದಂಥ, ಚಪ್ಪಟೆಯಂಥ ವೈರು ಕಟ್ಟಡದ ಕೆಲಸಕ್ಕಲ್ಲ.

ಇನ್ನೊಂದು ಮಾತು. ವೈರಿನಲ್ಲಿ ಅರ್ತ್ ಇದ್ದು, ನಿಮ್ಮ ಸೈಟಿನಲ್ಲಿ ಅರ್ತ್ ಗುಂಡಿಯೇ ಇಲ್ಲದಿದ್ದರೆ? ಅದು ಎಲ್ಲಿಗೂ ಹೋಗದ ರಸ್ತೆ. ಮೀಟರ್ ಹಾಕಿಸಿದ ದಿನವೇ ಎಲೆಕ್ಟ್ರಿಷಿಯನ್ ಕೈಯಲ್ಲಿ ಅರ್ತ್ ಅಳೆಸಿ.

ಈಗ ದಪ್ಪದ ವಿಷಯ. ಇಲ್ಲಿ ಸ್ವಲ್ಪ ಲೆಕ್ಕ ಬರುತ್ತದೆ, ಓಡಬೇಡಿ.

ಇದೇ ನಮ್ಮ ನೆಲದಲ್ಲಿ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 92 ಮೈಲಿ ತಂತಿ ಎಳೆದರು. ಬೆಂಗಳೂರಿನ ಬೀದಿಗೆ ದೀಪ ಬರುವ ಮೂರು ವರ್ಷ ಮೊದಲೇ! ಅವತ್ತಿನ ಎಂಜಿನಿಯರುಗಳ ಮುಂದಿದ್ದ ಪ್ರಶ್ನೆ, ಇವತ್ತು ನಿಮ್ಮ ಮೂರನೇ ಮಹಡಿಯ ಡ್ರಿಲ್ಲಿನ ಮುಂದಿರುವ ಪ್ರಶ್ನೆ ಎರಡೂ ಒಂದೇ: ತಂತಿ ಉದ್ದವಾದಷ್ಟೂ ದಾರಿಯಲ್ಲೇ ಕರೆಂಟಿನ ಬಲ ಸೋರಿಹೋಗುತ್ತದೆ, ತಂತಿ ಬಿಸಿಯಾಗುತ್ತದೆ. ಅವರು ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ ಗೆದ್ದರು. ನಿಮ್ಮ ಮನೆಯಲ್ಲಿ ಇರುವುದು 230 ವೋಲ್ಟ್, ಅದನ್ನು ಏರಿಸಲಾಗದು. ನಿಮಗುಳಿದಿರುವುದು ಒಂದೇ ದಾರಿ, ದಪ್ಪ ತಂತಿ.

ವೈರಿನ ದಪ್ಪವನ್ನು ಅಂಗಡಿಯವರು ಸ್ಕ್ವೇರ್ ಎಂಎಂ ಲೆಕ್ಕದಲ್ಲಿ ಹೇಳುತ್ತಾರೆ. 0.75, 1, 1.5, 2.5, 4 ಹೀಗೆ. ಮಷೀನು ಎಷ್ಟು ಕರೆಂಟ್ ಎಳೆಯುತ್ತದೆ ಎಂದು ತಿಳಿಯಲು ಚೀಟಿಯ ಮೇಲಿನ ವ್ಯಾಟನ್ನು 230ರಿಂದ ಭಾಗಿಸಿ. 4 ಇಂಚಿನ ಗ್ರೈಂಡರ್ 800 ವ್ಯಾಟ್ ಆದರೆ ಸುಮಾರು ಮೂರೂವರೆ ಆಂಪಿಯರ್. ಕಲ್ಲು ಕತ್ತರಿಸುವ ಮಷೀನ್ 1400 ವ್ಯಾಟ್ ಆದರೆ ಆರು ಆಂಪಿಯರ್. 7 ಇಂಚಿನ ದೊಡ್ಡ ಗ್ರೈಂಡರ್ 2200 ವ್ಯಾಟ್ ಆದರೆ ಹತ್ತು ಆಂಪಿಯರ್ ಹತ್ತಿರ. ಇದು ಓಡುವಾಗಿನ ಮಾತು. ಗುಂಡಿ ಒತ್ತಿದ ಕ್ಷಣದಲ್ಲಿ ಇದರ ಹಲವು ಪಟ್ಟು ಎಳೆಯುತ್ತದೆ.

ಈಗ ಆ ದೊಡ್ಡ ಗ್ರೈಂಡರನ್ನು 50 ಮೀಟರ್ ಉದ್ದದ 0.75ರ ತೆಳು ವೈರಿಗೆ ಹಾಕಿ. ಕರೆಂಟ್ ಹೋಗಿ ಬರುವ ದಾರಿ 100 ಮೀಟರ್. ಆ ತಾಮ್ರದ ತಡೆ ಸುಮಾರು 2.6 ಓಂ. ಹತ್ತು ಆಂಪಿಯರ್ ಹರಿದರೆ 26 ವೋಲ್ಟ್ ದಾರಿಯಲ್ಲೇ ಖೋತಾ. ಸಂಜೆ ಹೊತ್ತು ಲೈನಿನಲ್ಲೇ ವೋಲ್ಟೇಜ್ ಕಡಿಮೆ ಇದ್ದರೆ ಮಷೀನಿಗೆ ಸಿಗುವುದು ಇನ್ನೂ ಕಡಿಮೆ. ಮಷೀನು ಮುಕ್ಕುತ್ತದೆ. ಕೆಲಸದವನು ಇನ್ನೂ ಒತ್ತುತ್ತಾನೆ. ಒಳಗಿನ ಫ್ಯಾನು ನಿಧಾನ ತಿರುಗುವುದರಿಂದ ತಂಪಾಗುವುದಿಲ್ಲ. ಒಂದು ದಿನ ಸುಟ್ಟ ವಾಸನೆ! ‘ಕಂಪನಿ ಮಾಲು ಸರಿಯಿಲ್ಲ’ ಎಂದು ಬೈಯುತ್ತೀರಿ. ಕಂಪನಿ ಅಲ್ಲ ಸ್ವಾಮಿ, ವೈರು.

ಅಷ್ಟೇ ಆದರೆ ಮಷೀನ್ ಹೋಯಿತು ಅನ್ನಬಹುದಿತ್ತು. ಆ ಖೋತಾ ಆದ 26 ವೋಲ್ಟ್ ಎಲ್ಲಿ ಹೋಯಿತು? ವೈರಿನಲ್ಲೇ ಶಾಖವಾಗಿ ಕೂತಿದೆ. ಲೆಕ್ಕ ಹಾಕಿ, 260 ವ್ಯಾಟ್. ಐದು ಸೋಲ್ಡರಿಂಗ್ ಐರನ್‌ಗಳ ಬಿಸಿ ಅದು. ವೈರ್ ಪೂರ್ತಿ ಬಿಚ್ಚಿ ನೆಲದ ಮೇಲೆ ಹರಡಿದ್ದರೆ ಗಾಳಿಗೆ ಹೋಗುತ್ತದೆ. ಚಕ್ರಕ್ಕೆ ಸುತ್ತಿದ ಹಾಗೇ ಇಟ್ಟು ಕೆಲಸ ಮಾಡಿದರೆ? ಸುರುಳಿಯ ಒಳಗಿನ ಬಿಸಿ ಹೊರಗೆ ಬರಲು ದಾರಿಯಿಲ್ಲ. ಹೊದಿಕೆ ಮೆತ್ತಗಾಗಿ, ಕರಗಿ, ಒಂದಕ್ಕೊಂದು ಅಂಟಿ, ಕೊನೆಗೆ ಶಾರ್ಟ್. ಇದನ್ನು ಮಾಡದವರು ನಮ್ಮಲ್ಲಿ ಯಾರಿದ್ದಾರೆ? ಐದು ಮೀಟರ್ ಬೇಕಿದ್ದರೆ ಐದೇ ಮೀಟರ್ ಎಳೆದು, ಉಳಿದದ್ದನ್ನು ಚಕ್ರದಲ್ಲೇ ಬಿಡುತ್ತೇವೆ. ಅಚ್ಚುಕಟ್ಟು ಅಂತ! ಒಳ್ಳೆಯ ವೈರ್ ಚಕ್ರದ ಮೇಲೆ ಎರಡು ಅಂಕಿ ಇರುತ್ತವೆ. ಒಂದು ಸುತ್ತಿಟ್ಟಾಗ ಎಷ್ಟು ವ್ಯಾಟ್, ಇನ್ನೊಂದು ಪೂರ್ತಿ ಬಿಚ್ಚಿದಾಗ ಎಷ್ಟು ವ್ಯಾಟ್. ಮೊದಲಿನದು ಎರಡನೆಯದರ ಮೂರನೇ ಒಂದು ಭಾಗದಷ್ಟೂ ಇರದಿರಬಹುದು. ಎರಡು ಅಂಕಿ ಬರೆಯದ ಚಕ್ರವನ್ನು ಮುಟ್ಟಬೇಡಿ. ಬರೆದಿದ್ದರೂ ಪೂರ್ತಿ ಬಿಚ್ಚಿಯೇ ಬಳಸಿ.

ಹಾಗಾದರೆ ಯಾವುದು ತರಬೇಕು? ಮನೆಯಲ್ಲಿ ಡ್ರಿಲ್, ಚಿಕ್ಕ ಗ್ರೈಂಡರ್, ಹತ್ತು ಹದಿನೈದು ಮೀಟರ್ ಒಳಗೆ ಅಂದರೆ 1 ಸ್ಕ್ವೇರ್ ಎಂಎಂ ನಡೆಯುತ್ತದೆ. ಆದರೂ ನಾನಾದರೆ 1.5 ತರುತ್ತೇನೆ. ಕಲ್ಲು ಕತ್ತರಿಸುವುದು, ಮೂವತ್ತು ಮೀಟರ್ ಅಂದರೆ 1.5ಕ್ಕಿಂತ ಕೆಳಗೆ ಇಳಿಯಲೇ ಬೇಡಿ. ದೊಡ್ಡ ಗ್ರೈಂಡರ್, ಕಾಂಕ್ರೀಟ್ ಒಡೆಯುವ ಬ್ರೇಕರ್, ಐವತ್ತು ಮೀಟರ್ ಅಂದರೆ 2.5. ಆಗ ಅದೇ ಹತ್ತು ಆಂಪಿಯರಿಗೆ 26 ವೋಲ್ಟ್ ಬದಲು ಬರಿ 8 ವೋಲ್ಟ್ ಖೋತಾ. ದೊಡ್ಡ ಮಷೀನಿಗೆ 16 ಆಂಪಿಯರಿನ ದಪ್ಪ ಪಿನ್ನಿನ ಟಾಪು, ಅದೇ ಅಳತೆಯ ಸಾಕೆಟ್ಟು. ಮೊಬೈಲ್ ಚಾರ್ಜ್ ಮಾಡುವ ನಾಲ್ಕು ತೂತಿನ ಬಾಕ್ಸಿಗೆ ಗ್ರೈಂಡರ್ ಹಾಕುವವನಿಗೆ ಏನು ಹೇಳೋಣ? ಬೇಡ ಬಿಡಿ.

ದಪ್ಪ ಕೇಳಿ ತಂದರೂ ಒಳಗೆ ತಾಮ್ರವೇ ಇದೆಯೇ? ಇದು ಬೆಂಗಳೂರಿನ ದೊಡ್ಡ ದಂಧೆ. ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ. ಕಣ್ಣಿಗೆ ಕೆಂಪಗೆ ಹೊಳೆಯುತ್ತದೆ. ಅಲ್ಯೂಮಿನಿಯಂನ ತಡೆ ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಅಂದರೆ ನೀವು ದುಡ್ಡು ಕೊಟ್ಟದ್ದು 1.5ಕ್ಕೆ, ಮನೆಗೆ ಬಂದದ್ದು 1ಕ್ಕಿಂತ ಕಡಿಮೆ. ಅಂಗಡಿಯಲ್ಲೇ ಒಂದು ಎಳೆ ತೆಗೆದು ಬ್ಲೇಡಿನಿಂದ ಕೆರೆಯಿರಿ. ಬೆಳ್ಳಗೆ ಕಂಡರೆ ಅದು ತಾಮ್ರವಲ್ಲ. ನಾಲ್ಕು ಸಲ ಹಿಂದೆ ಮುಂದೆ ಬಗ್ಗಿಸಿ, ಪಟ್ಟನೆ ಮುರಿದರೆ ಅನುಮಾನ ಪಡಿ. ಅಯಸ್ಕಾಂತಕ್ಕೆ ಅಂಟಿದರಂತೂ ಅದು ಲೇಪ ಹಚ್ಚಿದ ಉಕ್ಕು! ಕೈಯಲ್ಲಿ ತೂಗಿ ನೋಡಿ. ತಾಮ್ರ ಅಲ್ಯೂಮಿನಿಯಂಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ಎಳೆ ಎಣಿಸುವ ತಾಳ್ಮೆ ಇದ್ದರೆ ಅದನ್ನೂ ಮಾಡಿ. 1.5ರ ವೈರಿನಲ್ಲಿ ಸಾಮಾನ್ಯವಾಗಿ ಕಾಲು ಮಿಲಿಮೀಟರ್ ದಪ್ಪದ 30 ಎಳೆ ಇರುತ್ತವೆ, 2.5ರಲ್ಲಿ 50.

ವೈರಿನ ಮೈಮೇಲೆ ಉದ್ದಕ್ಕೂ ಅಚ್ಚಾಗಿರುವುದನ್ನು ಓದಿ. ಕಂಪನಿ ಹೆಸರು, ಅಳತೆ, ಐಎಸ್ 694 ಎಂಬ ಅಂಕಿ, ಐಎಸ್‌ಐ ಗುರುತು ಇರಬೇಕು. ಟಾಪು, ಸಾಕೆಟ್ಟಿಗೆ ಐಎಸ್ 1293. ಗುರುತು ಅಚ್ಚು ಹಾಕುವುದೇನು ಮಹಾ ಕಷ್ಟ, ಯಾರು ಬೇಕಾದರೂ ಹಾಕುತ್ತಾರೆ. ಅದಕ್ಕೇ ಪಕ್ಕದಲ್ಲಿರುವ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಹಾಕಿ ನೋಡಿ. ಯಾವ ಕಂಪನಿ, ಯಾವ ಮಾಲು, ಲೈಸೆನ್ಸ್ ಜೀವಂತ ಇದೆಯೇ ಎಲ್ಲ ಬರುತ್ತದೆ. ರೀಲ್ಸ್ ನೋಡುವ ಫೋನಿನಲ್ಲೇ ಒಂದು ನಿಮಿಷದ ಕೆಲಸ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋಗಿ ಸಗಟು ದರದಲ್ಲಿ ತಂದರೂ ಸರಿ, ಕೋಗಿಲು ಕ್ರಾಸಿನ ಅಂಗಡಿಯಲ್ಲಿ ತಂದರೂ ಸರಿ, ಬಿಲ್ ಇಲ್ಲದೆ ಬರಬೇಡಿ.

ಈಗ ಬಹಳ ಜನ ತಪ್ಪು ತಿಳಿದಿರುವ ಒಂದು ಸಂಗತಿ. ‘ನಮ್ಮ ಮನೆಯಲ್ಲಿ ಎಂಸಿಬಿ ಇದೆ, ಶಾಕ್ ಹೊಡೆದರೆ ಬಿದ್ದುಬಿಡುತ್ತದೆ’ ಅನ್ನುತ್ತಾರೆ. ಬೀಳುವುದಿಲ್ಲ! 16 ಆಂಪಿಯರಿನ ಎಂಸಿಬಿ ಅದಕ್ಕಿಂತ ಹೆಚ್ಚು ಕರೆಂಟ್ ಹರಿದರೆ ಮಾತ್ರ ಬೀಳುತ್ತದೆ. ಒದ್ದೆ ಮೈಯ ತಡೆ ಸುಮಾರು 1000 ಓಂ ಎಂದುಕೊಳ್ಳಿ. 230 ವೋಲ್ಟ್ ತಾಗಿದರೆ ನಿಮ್ಮ ಮೈಯಲ್ಲಿ ಹರಿಯುವುದು ಒಂದು ಆಂಪಿಯರಿನ ಕಾಲು ಭಾಗಕ್ಕೂ ಕಡಿಮೆ. ಎಂಸಿಬಿಗೆ ಅದು ಸಣ್ಣ ಬಲ್ಬ್ ಉರಿದ ಲೆಕ್ಕ. ಮನುಷ್ಯನಿಗೆ? ಹತ್ತು ಮಿಲಿ ಆಂಪಿಯರ್ ದಾಟಿದರೆ ಕೈ ಬಿಡಿಸಿಕೊಳ್ಳಲಾಗುವುದಿಲ್ಲ. ನಮ್ಮ ಹುಡುಗನಿಗೆ ಆದದ್ದು ಅದೇ. ಐವತ್ತು, ನೂರು ಮಿಲಿ ಆಂಪಿಯರ್ ಎದೆಯ ಮೂಲಕ ಹಾದರೆ ಹೃದಯದ ತಾಳ ತಪ್ಪುತ್ತದೆ. ಎಂಸಿಬಿ ಕಾಯುವುದು ವೈರನ್ನು, ನಿಮ್ಮನ್ನಲ್ಲ.

ನಿಮ್ಮನ್ನು ಕಾಯುವುದು ಆರ್‌ಸಿಸಿಬಿ. ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ಅದು ತೂಗಿ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ, ಅಂದರೆ ಅಷ್ಟು ಕರೆಂಟು ಬೇರೆ ದಾರಿಯಲ್ಲಿ ನೆಲಕ್ಕೆ ಹೋಗುತ್ತಿದೆ ಎಂದು ಕಂಡರೆ, ಸೆಕೆಂಡಿನ ಒಂದು ಚೂರಿನಲ್ಲಿ ಕಿತ್ತುಹಾಕುತ್ತದೆ. ಅಂಗಡಿಯಲ್ಲಿ ‘30 ಮಿಲಿ ಆಂಪಿಯರ್’ ಎಂದು ಬಾಯಿಬಿಟ್ಟು ಕೇಳಿ. 100, 300ರದ್ದೂ ಇವೆ, ಜೀವ ಉಳಿಸಲು ಅವು ಸಾಲವು. ಸೈಟಿನ ತಗಡಿನ ಪೆಟ್ಟಿಗೆಯಲ್ಲಿ ಮೀಟರ್ ಆದಮೇಲೆ ಇದು ಇರಲೇಬೇಕು. ಅದರ ಮೇಲಿನ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಬೀಳದಿದ್ದರೆ ಬದಲಿಸಿ. ಇದೂ ದೇವರಲ್ಲ. ಒಂದು ಕೈಯಲ್ಲಿ ಕೆಂಪು, ಇನ್ನೊಂದು ಕೈಯಲ್ಲಿ ಕಪ್ಪು ತಂತಿ ಹಿಡಿದು ನಿಂತರೆ ನಿಮ್ಮನ್ನೂ ಅದು ಒಂದು ಮಷೀನು ಅಂದುಕೊಂಡು ಸುಮ್ಮನಿರುತ್ತದೆ.

ಬ್ರಿಟನ್ನಿನ ಕಟ್ಟಡ ಕೆಲಸದಲ್ಲಿ ಮಷೀನುಗಳಿಗೆ 230 ವೋಲ್ಟನ್ನೇ ಕೊಡದೆ, ಹಳದಿ ಟ್ರಾನ್ಸ್‌ಫಾರ್ಮರ್ ಇಟ್ಟು 110ಕ್ಕೆ ಇಳಿಸಿ ಕೊಡುವ ರೂಢಿಯಿದೆ. ಮೈಯಿಂದ ನೆಲಕ್ಕೆ ತಾಗಿದರೂ 55 ವೋಲ್ಟ್ ಮಾತ್ರ. ನಮ್ಮ ಅಂಗಡಿಗಳ ಮಷೀನು 230ರದ್ದು, ಆದ್ದರಿಂದ ನಮಗೆ ಆರ್‌ಸಿಸಿಬಿಯೇ ಗತಿ.

ಉಳಿದದ್ದು ನಿಮಗೇ ಗೊತ್ತು, ಮಾಡುವುದಿಲ್ಲ ಅಷ್ಟೇ. ವೈರಿನ ನಡುವೆ ಗಂಟು ಬೇಡ, ತುಂಡಾದರೆ ಎರಡು ಚಿಕ್ಕ ವೈರ್ ಮಾಡಿಕೊಳ್ಳಿ. ಸಾಕೆಟ್ ಬೋರ್ಡು ನೆಲದ ಮೇಲೆ ಬೇಡ, ಗೂಟಕ್ಕೆ ನೇತುಹಾಕಿ. ಹೊರಗೆ ಮಳೆಯಲ್ಲಿ ಕೆಲಸವಾದರೆ ಮುಚ್ಚಳವಿರುವ ನೀಲಿ ಇಂಡಸ್ಟ್ರಿಯಲ್ ಸಾಕೆಟ್ ಸಿಗುತ್ತದೆ, ಅದು ತನ್ನಿ. ಯಾರಿಗಾದರೂ ಶಾಕ್ ಹೊಡೆದರೆ ಮುಟ್ಟಬೇಡಿ, ಮೊದಲು ಮೇನ್ ಇಳಿಸಿ. ಆಮೇಲೆ 108. ಬೆಸ್ಕಾಂ ಕಂಬದ ತಂತಿಯದೇ ತೊಂದರೆಯಾದರೆ 1912.

‘ಇಷ್ಟೆಲ್ಲ ಮಾಡಿದರೆ ಎಷ್ಟು ಖರ್ಚು?’ ಸುಳ್ಳು ಹೇಳುವುದಿಲ್ಲ, ಅಗ್ಗವಲ್ಲ. ಮೂವತ್ತು ಮೀಟರ್ ಒಳ್ಳೆಯ ತ್ರೀ ಕೋರ್ ತಾಮ್ರಕ್ಕೆ ಸಾವಿರಗಳ ಲೆಕ್ಕ. ಆದರೆ ಅದನ್ನು ಯಾರು ಕೊಡಬೇಕು ಅನ್ನುವುದೇ ನನ್ನ ಜಗಳ. ನಮ್ಮಲ್ಲಿ ರೂಢಿ ಏನು? ಮಷೀನು, ವೈರು ಎಲ್ಲ ಕೆಲಸಗಾರನೇ ತರಬೇಕು. ದಿನಗೂಲಿಯಲ್ಲಿ ಯಾದಗಿರಿಗೆ ದುಡ್ಡು ಕಳಿಸುವವನು 2.5ರ ವೈರ್ ತರುತ್ತಾನೆಯೇ? ಅವನು ಎರಡು ತಂತಿಯದನ್ನೇ ತರುತ್ತಾನೆ. ಅಡುಗೆಮನೆಯ ಗ್ರಾನೈಟಿಗೆ, ಮಾಡ್ಯುಲರ್ ಕಪಾಟಿಗೆ ಲಕ್ಷ ಸುರಿಯುವ ಮನೆ ಮಾಲೀಕ, ಆ ಗ್ರಾನೈಟ್ ಕತ್ತರಿಸುವವನ ಕೈಗೆ ಸರಿಯಾದ ವೈರ್ ಕೊಡಬೇಕು. ಕಂಟ್ರಾಕ್ಟರನ ಒಪ್ಪಂದದಲ್ಲಿ ಸಿಮೆಂಟ್ ಯಾವ ಕಂಪನಿ ಎಂದು ಬರೆಸುತ್ತೀರಲ್ಲ, ಅದರ ಕೆಳಗೆ ವೈರ್ ಯಾವುದು, ಆರ್‌ಸಿಸಿಬಿ ಎಷ್ಟರದು ಎಂದೂ ಬರೆಸಿ. ಕಟ್ಟಡ ಕಾರ್ಮಿಕರ ಕಾನೂನು 1996ರಲ್ಲೇ ಬಂದಿದೆ. ಕಟ್ಟುವ ವೆಚ್ಚದ ಶೇ. 1ರಷ್ಟು ಸೆಸ್ ನಮ್ಮ ರಾಜ್ಯದಲ್ಲಿ ವಸೂಲಾಗುತ್ತಿದೆ. ಆ ದುಡ್ಡಿನಿಂದ ಪ್ರತಿ ಸೈಟಿನ ಮೀಟರ್ ಪೆಟ್ಟಿಗೆಗೆ ಅಂಟಿಸಲು ಒಂದು ಕನ್ನಡ ಚೀಟಿ ಅಚ್ಚು ಹಾಕಿಸಲು ಎಷ್ಟು ಬೇಕು?

ಕನ್ನಡದ ಮಾತು ಬಂತು. ಇದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೆ.

ಪೊಟ್ಟಣದ ಮಾಲಿನ ಮೇಲೆ ಹೆಸರು, ಬೆಲೆ, ತೂಕ, ತಯಾರಿಸಿದವರ ವಿಳಾಸ ಯಾವ ಭಾಷೆಯಲ್ಲಿರಬೇಕು? ಕೇಂದ್ರದ 2011ರ ಪೊಟ್ಟಣ ಸಾಮಗ್ರಿ ನಿಯಮ ಹೇಳುವುದು: ದೇವನಾಗರಿಯ ಹಿಂದಿ ಅಥವಾ ಇಂಗ್ಲಿಷ್. ಅದರ ಜೊತೆಗೆ ಬೇರೆ ಭಾಷೆ ಹಾಕಿದರೆ ಅಡ್ಡಿಯಿಲ್ಲವಂತೆ. ಎಂಥ ದೊಡ್ಡ ಮನಸ್ಸು! ಹಾಕಲೇಬೇಕು ಎಂದಿಲ್ಲ, ಹಾಕಿದರೆ ಹೊಡೆಯುವುದಿಲ್ಲ ಅಷ್ಟೇ. ನಮ್ಮ ರಾಜ್ಯ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ 2022 ಎಂದು ಮಾಡಿತು. 2024ರ ಮಾರ್ಚ್‌ನಲ್ಲಿ ಅದು ಜಾರಿಗೆ ಬಂತು. ಕರ್ನಾಟಕದಲ್ಲಿ ತಯಾರಾಗುವ ಮಾಲಿನ ಮೇಲೆ ಹೆಸರು, ಬಳಸುವ ಸೂಚನೆ ಕನ್ನಡದಲ್ಲೂ ಇರಬೇಕು ಎಂದು ಅದರಲ್ಲಿದೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಮತ್ತೆ ಆದೇಶ ಹೊರಡಿಸಿ ಅದನ್ನೇ ನೆನಪಿಸಿತು. ಸಂತೋಷ. ಆದರೆ ನಾನು ತಂದ ಹಳದಿ ಚಕ್ರ ಕರ್ನಾಟಕದಲ್ಲಿ ತಯಾರಾದದ್ದಲ್ಲ. ಇಲ್ಲಿ ಮಾರುವ ಮಾಲಿಗೆ ಆ ಮಾತು ಅನ್ವಯಿಸುವುದಿಲ್ಲ, ಇಲ್ಲಿ ತಯಾರಾಗುವುದಕ್ಕೆ ಮಾತ್ರ. ಬಿಸ್ಕತ್ತಿನ ಪೊಟ್ಟಣದಲ್ಲಿ ಕನ್ನಡವಿಲ್ಲದಿದ್ದರೆ ಬಿಸ್ಕತ್ತಿನ ರುಚಿ ಕೆಡುವುದಿಲ್ಲ. ‘ಪೂರ್ತಿ ಬಿಚ್ಚಿ ಬಳಸಿ’, ‘ಅರ್ತ್ ಇಲ್ಲದ ಸಾಕೆಟ್ಟಿಗೆ ಹಾಕಬೇಡಿ’ ಅನ್ನುವ ಎರಡು ಸಾಲು ಕನ್ನಡದಲ್ಲಿ ಇಲ್ಲದಿದ್ದರೆ ಹೋಗುವುದು ಬೆರಳಿನ ಚರ್ಮ, ಇಲ್ಲವೇ ಜೀವ. ಪಕ್ಕದಲ್ಲಿ ಒಂದು ಚಿತ್ರವೂ ಇರಲಿ. ಬಿಹಾರದಿಂದ ಬಂದವನ ಕೈಗೂ ಅದೇ 230 ವೋಲ್ಟ್.

ನಾಮಫಲಕಕ್ಕೆ ಮಸಿ ಬಳಿಯುವ ಹುರುಪು ನಮ್ಮಲ್ಲಿ ಬೇಕಾದಷ್ಟಿದೆ. ಈ ಸಲ ಬೇರೆ ಒಂದು ಕೆಲಸ ಮಾಡಿ. ನಿಮ್ಮ ಬೀದಿಯ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ, ಅಲ್ಲಿರುವ ಎಕ್ಸ್‌ಟೆನ್ಷನ್ ವೈರುಗಳಲ್ಲಿ ಎಷ್ಟರ ಮೇಲೆ ಕನ್ನಡದ ಎಚ್ಚರಿಕೆ ಇದೆ ಎಣಿಸಿ. ಫೋಟೋ ತೆಗೆದು, ಕರ್ನಾಟಕದಲ್ಲೇ ತಯಾರಾದದ್ದಾದರೆ ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೆ ಕಳಿಸಿ. ಹೊರಗಿನದ್ದಾದರೆ ಡಬ್ಬಿಯ ಮೇಲಿರುವ ಗ್ರಾಹಕ ಸೇವೆಯ ವಿಳಾಸಕ್ಕೇ ಕನ್ನಡದಲ್ಲಿ ಬರೆಯಿರಿ. ಅವರು ಓದಿಸಿಕೊಳ್ಳಲಿ!

ನಮ್ಮ ಮನೆಯ ಕೆಲಸ ಮುಗಿಯಿತು. ಹೊಸ ವೈರ್ ತಂದ ದಿನ ಒಂದು ರಟ್ಟಿನ ಚೀಟಿಯಲ್ಲಿ ‘ತ್ರೀ ಕೋರ್, 2.5, ಪೂರ್ತಿ ಬಿಚ್ಚಿ ಬಳಸಿ’ ಎಂದು ಬರೆದು ದಾರ ಹಾಕಿ ಕಟ್ಟಿದ್ದೆ. ಆ ಹುಡುಗ ಅದನ್ನು ಓದಿ, ಪೆನ್ನು ಇಸಿದುಕೊಂಡು, ಕೆಳಗೆ ‘ಬೆಂಕಿಕಡ್ಡಿ ಹಾಕಬಾರದು’ ಎಂದು ಸೇರಿಸಿದ. ಈಗ ಅದನ್ನು ಬೀದಿಯ ನಾಲ್ಕು ಮನೆಯವರು ಕೇಳಿ ಒಯ್ಯುತ್ತಾರೆ, ಚೀಟಿ ಸಮೇತ.

ನವೆಂಬರ್ ಒಂದು ಬರುತ್ತದೆ. ನಿಮ್ಮ ಸಂಘದ ಗೋದಾಮಿನಿಂದ ಧ್ವನಿವರ್ಧಕ, ಹ್ಯಾಲೋಜನ್, ಸೀರಿಯಲ್ ಸೆಟ್ಟು, ಕಮಾನು ಕೊರೆಯುವ ಡ್ರಿಲ್ಲು ಎಲ್ಲ ಹೊರಗೆ ಬರುತ್ತವೆ. ಜೊತೆಗೆ ಆ ಹಳೇ ವೈರ್ ಬೋರ್ಡೂ ಬರುತ್ತದೆ. ಕಬ್ಬಿಣದ ಧ್ವಜಕಂಬ, ತುಂತುರು ಮಳೆ, ಬರಿಗಾಲಿನ ಮಕ್ಕಳು. ಒಂದು ವಾರ ಮೊದಲೇ ಆ ಬೋರ್ಡಿನ ನಾಲ್ಕು ಸ್ಕ್ರೂ ಬಿಚ್ಚಿ ತಂತಿ ಎಣಿಸಿ. ಎರಡೇ ಇದ್ದರೆ ಗುಜರಿಗೆ ಇಡಿಯಾಗಿ ಹಾಕಬೇಡಿ, ಯಾರಾದರೂ ಎತ್ತಿಕೊಂಡು ಮತ್ತೆ ಬಳಸುತ್ತಾರೆ. ಒಂದೊಂದು ಅಡಿಯ ತುಂಡು ಮಾಡಿ ಹಾಕಿ.